ಚಾವಡಿಯೊಳಗೆ ತಾನೇ ತಿರುಗಾಡುವ ಬ್ಲಿಂಪ್: ಕಡಿಮೆ ಖರ್ಚಿನಲ್ಲಿ ಮಾಡುವ ಬಗೆ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದ್ರೆ ಮತ್ತೆ ಸೆಪ್ಟೆಂಬರ್ ತನಕ ಹೊರಗೆ ಏನನ್ನೂ ಹಾರಿಸುವ ಹಾಗಿಲ್ಲ. ಹಿಂದಿನ ಮಳೆಗಾಲದಲ್ಲಿ ಅಳಿಯ ಒಂದು ಸಣ್ಣ ಡ್ರೋನ್ ತಂದು ಚಾವಡಿಯಲ್ಲೇ ಹಾರಿಸಲು ನೋಡಿದ. ಬ್ಯಾಟರಿ ಬಂದದ್ದು ಆರೇ ನಿಮಿಷ. ಅಷ್ಟರಲ್ಲಿ ದೇವರ ಫೋಟೋದ ಗಾಜು ಹೋಯಿತು, ಅಕ್ಕನ ಬೈಗುಳ ಅವನಿಗೂ ನನಗೂ ಸಮಪಾಲಾಗಿ ಸಿಕ್ಕಿತು.

ಒಳಗೆ ಹಾರಿಸಲು ಬ್ಲಿಂಪೇ ಸರಿ ಅಂತ ಆಮೇಲೆ ಹೊಳೆಯಿತು. ಬ್ಲಿಂಪ್ ಅಂದರೆ ಒಳಗೆ ಎಲುಬಿಲ್ಲದ ಗಾಳಿಹಡಗು, ಅನಿಲದ ಒತ್ತಡದಿಂದಲೇ ಅದಕ್ಕೆ ಆಕಾರ. ತೇಲುವ ಕೆಲಸ ಹೀಲಿಯಂ ಮಾಡುತ್ತದೆ, ಮೋಟಾರು ಬರೀ ನೂಕಿದರೆ ಸಾಕು. ಹಾಗಾಗಿ ಸಣ್ಣ ಬ್ಯಾಟರಿಯಲ್ಲೂ ಅರ್ಧ ಗಂಟೆ ಹಾರುತ್ತದೆ. ಯಾರಿಗಾದರೂ ತಾಗಿದರೆ ತಲೆದಿಂಬು ತಾಗಿದ ಹಾಗೆ, ಅಷ್ಟೇ. ಅಮೆರಿಕದಲ್ಲಿ ಕ್ರಿಸ್ ಆ್ಯಂಡರ್ಸನ್ ಮತ್ತು ಜೋರ್ಡಿ ಮುನ್ಯೋಸ್ ಎಂಬವರು ಹದಿನೈದು ವರ್ಷಕ್ಕೂ ಹಿಂದೆ ಆರ್ಡುಯಿನೋ (ಪ್ರೋಗ್ರಾಂ ಬರೆದು ಓಡಿಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಮಾದರಿಯ ಬೋರ್ಡ್ ಇಟ್ಟು ಬ್ಲಿಂಪ್‌ಡುಯಿನೋ ಅಂತ ಒಂದನ್ನು ಮಾಡಿ ಅದರ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಎತ್ತರಕ್ಕೆ ಅಲ್ಟ್ರಾಸೋನಿಕ್ ಸೆನ್ಸರ್, ದಿಕ್ಕಿಗೆ ನೆಲದಲ್ಲಿಟ್ಟ ಒಂದು ಇನ್‌ಫ್ರಾರೆಡ್ ದೀಪ, ಇಷ್ಟೇ ಅದರ ಬುದ್ಧಿ. ಈಗ ಅದಕ್ಕಿಂತ ಹಗುರವಾದ, ಅಗ್ಗದ ಸಾಮಾನು ಸಿಗುತ್ತದೆ. ಹೀಲಿಯಂ ಖರ್ಚು ಬಿಟ್ಟರೆ ನನಗೆ ಎಲ್ಲ ಸೇರಿ ಮೂರು ಸಾವಿರ ರೂಪಾಯಿ ಚಿಲ್ಲರೆ ಆಯಿತು.

ಮೊದಲೇ ಒಂದು ಮಾತು. ಪ್ರೋಗ್ರಾಂ ಬರೆಯಲು ಅವಸರ ಮಾಡಬೇಡಿ. ನನ್ನ ಮೊದಲ ಬ್ಲಿಂಪ್ ಹಾರಲಿಲ್ಲ, ಯಾಕಂದ್ರೆ ನಾನು ನಾಲ್ಕು ರಾತ್ರಿ ಕೋಡ್ ಬರೆದು, ತೂಕ ನೋಡಿದ್ದು ಕೊನೆಗೆ. ನಾವು ಅಡಿಕೆಯನ್ನು ಕಿಲೋದಲ್ಲಿ ತೂಗುವವರು. ಇಲ್ಲಿ ಬೇಕಾದದ್ದು ಅಕ್ಕಸಾಲಿಗನ ಲೆಕ್ಕ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಒಂದನ್ನು ಎಲ್ಲಕ್ಕಿಂತ ಮೊದಲು ತನ್ನಿ. ಮುಂದೆ ಯಾವ ಗೊಂದಲ ಬಂದರೂ ಅದರ ಹತ್ತಿರವೇ ಹೋಗಬೇಕಾಗುತ್ತದೆ.

ತೂಕದ ಲೆಕ್ಕ

ನಮ್ಮ ಕಡೆಯ 30 ಡಿಗ್ರಿ ಸೆಕೆಯಲ್ಲಿ ಒಂದು ಲೀಟರ್ ಗಾಳಿ ಸುಮಾರು 1.16 ಗ್ರಾಂ ತೂಗುತ್ತದೆ. ಒಂದು ಲೀಟರ್ ಹೀಲಿಯಂ 0.16 ಗ್ರಾಂ. ಕಳೆದರೆ 1 ಗ್ರಾಂ. ಅಂದರೆ ಒಂದು ಲೀಟರ್ ಹೀಲಿಯಂ ಒಂದು ಗ್ರಾಂ ಎತ್ತುತ್ತದೆ, ಬಾಯಿಪಾಠ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ಲೆಕ್ಕ ಬೇರೆ ಇಲ್ಲ. ನಾವು ಸಮುದ್ರ ಮಟ್ಟದಲ್ಲಿರುವುದೂ ಒಂದು ಲಾಭ. ಇದೇ ಬಲೂನನ್ನು ಮಡಿಕೇರಿಗೆ ಒಯ್ದರೆ ಅಲ್ಲಿನ ಗಾಳಿ ತೆಳು, ಹನ್ನೆರಡು ಹದಿಮೂರು ಗ್ರಾಂ ಎತ್ತುವ ಶಕ್ತಿ ಸುಮ್ನೆ ಹೋಗುತ್ತದೆ.

ಬಲೂನು ಯಾವುದು? ರಬ್ಬರ್ ಬುಗ್ಗೆ ಬೇಡ. ಹೀಲಿಯಂ ಅದರ ಮೈಯಿಂದಲೇ ಸೋರಿ ಮರುದಿನಕ್ಕೆ ನೆಲ ಹಿಡಿಯುತ್ತದೆ. ಹುಟ್ಟುಹಬ್ಬಕ್ಕೆ ಕಟ್ಟುವ ಮಿರಿಮಿರಿ ಫಾಯಿಲ್ ಬಲೂನು ಬೇಕು. ಅದರ ಅಲ್ಯೂಮಿನಿಯಂ ಪದರ ಅನಿಲವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಈಗ ಗಾತ್ರದ ವಿಷಯ, ಹೆಚ್ಚಿನವರು ಎಡವುವುದು ಇಲ್ಲೇ. ದುಂಡಗಿನ ಫಾಯಿಲ್ ಬಲೂನನ್ನು ಚಪ್ಪಟೆಯಾಗಿ ಹಾಸಿ ಅಳೆದಾಗ ಬರುವ ತ್ರಿಜ್ಯವನ್ನು ಮೀಟರಿನಲ್ಲಿ ತೆಗೆದುಕೊಂಡು, ತ್ರಿಜ್ಯ × ತ್ರಿಜ್ಯ × ತ್ರಿಜ್ಯ ಮಾಡಿ, 1.22ರಿಂದ ಮತ್ತೆ ಗುಣಿಸಿದರೆ ತುಂಬಿದಾಗಿನ ಗಾತ್ರ ಘನ ಮೀಟರಿನಲ್ಲಿ ಸಿಗುತ್ತದೆ. 18 ಇಂಚಿನ ಬಲೂನಿಗೆ ಹೀಗೆ ಲೆಕ್ಕ ಹಾಕಿದರೆ ಸುಮಾರು 14.5 ಲೀಟರ್. ಅದರ ಚರ್ಮವೇ 10 ಗ್ರಾಂ ತೂಗುತ್ತದೆ. ಉಳಿಯುವುದು ನಾಲ್ಕು ಗ್ರಾಂ, ಒಂದು ಮೋಟಾರಿಗೂ ಸಾಲದು. ಅದೇ 36 ಇಂಚಿನದ್ದು ತೆಗೆದುಕೊಂಡರೆ ಸುಮಾರು 116 ಲೀಟರ್. ಚರ್ಮದ ತೂಕ 40 ಗ್ರಾಂ ಆಸುಪಾಸು. ಅಂಗಡಿಯ ಹೀಲಿಯಂ ಅಷ್ಟೊಂದು ಶುದ್ಧ ಇರುವುದಿಲ್ಲ, ಅದನ್ನು ಬಿಟ್ಟುಕೊಟ್ಟರೂ 70 ಗ್ರಾಂ ಕೈಗೆ ಸಿಗುತ್ತದೆ. ಅಗಲ ಎರಡು ಪಟ್ಟಾದಾಗ ಚರ್ಮ ನಾಲ್ಕು ಪಟ್ಟು ಆಗುತ್ತದೆ, ಒಳಗಿನ ಅನಿಲ ಎಂಟು ಪಟ್ಟು. ಬ್ಲಿಂಪ್ ಮಾಡುವವರ ಭಾಗ್ಯವೆಲ್ಲ ಈ ಎಂಟು ಮತ್ತು ನಾಲ್ಕರ ನಡುವೆ ಉಂಟು.

ಕೊಳ್ಳುವಾಗ 36 ಇಂಚು ಅನ್ನುವುದು ಚಪ್ಪಟೆ ಇದ್ದಾಗಿನ ಅಳತೆಯೋ ತುಂಬಿದಾಗಿನದ್ದೋ ಕೇಳಿ. ತುಂಬಿದಾಗ ಅಗಲ ಮುಕ್ಕಾಲಿಗೆ ಇಳಿಯುತ್ತದೆ, ಸುಮಾರು 27 ಇಂಚು. ತಟ್ಟೆಯಂಥ ಈ ಆಕಾರ ನೋಡಲು ಹಡಗಿನ ಹಾಗೆ ಇಲ್ಲ ನಿಜ. ಆದರೆ ಯಾವ ಕಡೆಗೆ ತಿರುಗಿದರೂ ಒಂದೇ ರೀತಿ ಇರುವ ಕಾರಣ ಸಣ್ಣ ಕೋಣೆಗೆ ಒಳ್ಳೆಯದು. ಜಾರ್ಜಿಯಾ ಟೆಕ್ ಸಂಶೋಧಕರ ಸಣ್ಣ ಬ್ಲಿಂಪ್ ಕೂಡ ಇಂಥದೇ ತಟ್ಟೆ ಆಕಾರದ್ದು.

ಈಗ 70 ಗ್ರಾಂ ಸಂಸಾರವನ್ನು ಹೇಗೆ ಹಂಚುವುದು ನೋಡಿ. ನಾಲ್ಕು ಮೋಟಾರು ಫ್ಯಾನ್ ಸಮೇತ 15 ಗ್ರಾಂ. 400 ಎಂಎಎಚ್ ಬ್ಯಾಟರಿ 10. ಮೆದುಳು, ಅಂದರೆ ಝಿಯಾವೋ ಇಎಸ್‌ಪಿ32-ಸಿ3 ಎಂಬ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಬೋರ್ಡ್, 3. ಮೆದುಳಿನ ಮಾತು ಕೇಳಿ ಮೋಟಾರಿಗೆ ಕರೆಂಟು ಬಿಡುವ ಮೋಟಾರ್ ಡ್ರೈವರ್ ಎರಡು, ಸೇರಿ 4. ದೂರ ಅಳೆಯುವ ಲೇಸರ್ ಸೆನ್ಸರ್ ಎರಡು, ಸೇರಿ 3. ಎಷ್ಟು ತಿರುಗಿತು ಅಂತ ಅಳೆಯುವ ಜೈರೋ 2. ವಯರು 5, ಕೆಳಗಿನ ತೊಟ್ಟಿಲು 6, ಅಂಟು ಟೇಪು 3. ಒಟ್ಟು 51 ಆಯಿತು. ಉಳಿದ 19 ಗ್ರಾಂ ನೋಡಿ ಹಿಗ್ಗಬೇಡಿ, ಸಾಲ್ಡರಿಂಗ್ ಮುಗಿದ ಮೇಲೆ ಅದರಲ್ಲಿ ಅರ್ಧ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಬೋರ್ಡುಗಳ ಜೊತೆ ಬರುವ ಪಿನ್ನುಗಳನ್ನು ಬೆಸೆಯಬೇಡಿ, ತೆಳು ವಯರನ್ನು ನೇರ ಬೆಸೆಯಿರಿ. ಜಂಪರ್ ವಯರು ಅಂತೂ ಬೇಡವೇ ಬೇಡ, ಒಂದೊಂದೂ ಒಂದು ಗ್ರಾಂ ತಿನ್ನುತ್ತದೆ.

ಅನಿಲ

ಇಲ್ಲಿ ತಮಾಷೆ ಬೇಡ. ಜಾತ್ರೆಯಲ್ಲಿ ಬಲೂನಿಗೆ ಅನಿಲ ತುಂಬಿಸಿ ಕೊಡುವವರ ಸಿಲಿಂಡರಿನಲ್ಲಿ ಎಷ್ಟೋ ಸಲ ಇರುವುದು ಹೈಡ್ರೋಜನ್. ಕಾಸ್ಟಿಕ್ ಸೋಡಾಕ್ಕೆ ಅಲ್ಯೂಮಿನಿಯಂ ಚೂರು ಹಾಕಿ ಮಾಡಿದ್ದು. ಅದು ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲು ಸೇರಿದ್ದರೂ ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತದೆ. ನಮ್ಮ ಮೋಟಾರಿನೊಳಗೆ ಬ್ರಷ್ ಉಂಟು, ಅದು ಕಿಡಿ ಹಾರಿಸುತ್ತಲೇ ಇರುತ್ತದೆ. ಹಾಗಾಗಿ ಅಗ್ಗಕ್ಕೆ ಸಿಗುತ್ತದೆ ಅಂತ ಅತ್ತ ಹೋಗಬೇಡಿ. ಪಾರ್ಟಿ ಅಲಂಕಾರದವರ ಹತ್ತಿರ ಹೋಗಿ, ಸಿಲಿಂಡರಿನ ಮೇಲೆ ಹೀಲಿಯಂ ಅಂತ ಬರೆದದ್ದನ್ನು ಕಣ್ಣಾರೆ ನೋಡಿ, ಬಲೂನನ್ನು ಅಲ್ಲೇ ತುಂಬಿಸಿಕೊಂಡು ಬನ್ನಿ. ನಾನು ಮಂಗಳೂರಿನಿಂದ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದೆ. ತಲಪಾಡಿಯಲ್ಲಿ ಒಬ್ಬರು ಇಣುಕಿ ನೋಡಿ ನಕ್ಕರು.

ಹೀಲಿಯಂ ದುಬಾರಿ, ಯಾಕಂದ್ರೆ ನಮ್ಮ ದೇಶ ಹೆಚ್ಚುಕಡಿಮೆ ಎಲ್ಲವನ್ನೂ ಹೊರಗಿನಿಂದ ತರಿಸುತ್ತದೆ. ತಮಾಷೆ ಏನಂದ್ರೆ, ಈ ಅನಿಲದ ಕಥೆಯಲ್ಲಿ ನಮ್ಮ ದಕ್ಷಿಣಕ್ಕೂ ಪಾಲು ಉಂಟು. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಬಂದು ಕೂತದ್ದು ಆಂಧ್ರದ ಗುಂಟೂರಿನಲ್ಲಿ. ಸೂರ್ಯನ ಬೆಳಕಿನಲ್ಲಿ ಕಂಡ ಹೊಸ ಹಳದಿ ಗೆರೆಯ ಬೆನ್ನು ಹತ್ತಿಯೇ ಹೀಲಿಯಂ ಗುರುತಾದದ್ದು.

ಯಾರಾದರೂ ಸ್ವರ ಕೀರಲು ಮಾಡಲು ಅದನ್ನು ಬಾಯಿಗೆ ಎಳೆದುಕೊಳ್ಳಲು ಹೊರಟರೆ ತಡೆಯಿರಿ. ವಿಷವಲ್ಲ ನಿಜ, ಆದರೆ ಶ್ವಾಸಕೋಶದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ, ತಲೆ ತಿರುಗಿ ಬೀಳುತ್ತಾರೆ. ಸಿಲಿಂಡರಿನಿಂದ ನೇರವಾಗಿ ಎಳೆದರೆ ಜೀವಕ್ಕೇ ಅಪಾಯ.

ತುಂಬಿಸಿದ ಮೇಲೆ ಎಷ್ಟು ಎತ್ತುತ್ತದೆ ಅಂತ ತೂಗಿ. ಒಂದು ಸಣ್ಣ ನೀರಿನ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬಲೂನಿನ ನೂಲನ್ನು ಬಾಟಲಿಗೆ ಕಟ್ಟಿ. ತಕ್ಕಡಿ ಮೈನಸ್ 70 ಅಂದರೆ ಅಷ್ಟೇ ನಿಮ್ಮ ಬಂಡವಾಳ.

ಬಲೂನನ್ನು ಬಿಗಿಯಾಗಿ ಉಬ್ಬಿಸಬೇಡಿ, ಅಂಚಿನಲ್ಲಿ ಸ್ವಲ್ಪ ಸುಕ್ಕು ಇರಲಿ. ಇದಕ್ಕೆ ಕಾರಣ ನಮ್ಮ ಹವೆ. ಸುಕ್ಕಿದ್ದಾಗ ಬಿಸಿಗೆ ಒಳಗಿನ ಅನಿಲ ಹಿಗ್ಗಲು ಜಾಗ ಇರುತ್ತದೆ, ಎತ್ತುವ ಶಕ್ತಿ ಹಾಗೇ ಉಳಿಯುತ್ತದೆ. ಬಿಗಿಯಾಗಿದ್ದರೆ ಹಿಗ್ಗಲಾಗುವುದಿಲ್ಲ, ಹೊರಗಿನ ಗಾಳಿ ಮಾತ್ರ ತೆಳುವಾಗುತ್ತದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ 25 ಡಿಗ್ರಿ ಇದ್ದದ್ದು ಮಧ್ಯಾಹ್ನ 33ಕ್ಕೆ ಹೋದರೆ ಮೂರೂವರೆ ಗ್ರಾಂ ಶಕ್ತಿ ಕಡಿಮೆಯಾಗುತ್ತದೆ. ಬೆಳಿಗ್ಗೆ ಸರಿಯಾಗಿ ತೇಲಿದ್ದು ಊಟದ ಹೊತ್ತಿಗೆ ನೆಲದಲ್ಲಿ ತೆವಳುತ್ತಿದ್ದಾಗ ನಾನು ಎರಡು ದಿನ ಸೋರಿಕೆ ಹುಡುಕಿದೆ. ಸೋರಿಕೆ ಎಲ್ಲೂ ಇರಲಿಲ್ಲ, ನಾನೇ ಜಾಸ್ತಿ ತುಂಬಿಸಿದ್ದೆ. ಕಿಟಕಿಯ ಬಿಸಿಲು ನೇರ ಬಿದ್ದರೆ ಮಾತ್ರ ಉಲ್ಟಾ. ಕೋಣೆಯ ಗಾಳಿಗಿಂತ ಬಲೂನೇ ಹೆಚ್ಚು ಬಿಸಿಯಾಗಿ ಮೇಲೇರುತ್ತದೆ.

ತೊಟ್ಟಿಲು

ಬಲೂನಿನ ಹೊಟ್ಟೆಯ ಕೆಳಗೆ ಸಾಮಾನು ಹೊರುವ ಚೌಕಟ್ಟಿಗೆ ನಾವು ತೊಟ್ಟಿಲು ಅಂತ ಹೆಸರಿಟ್ಟೆವು. ಕಾರ್ಬನ್ ಕಡ್ಡಿ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಹೊಸ ಹಿಡಿಸೂಡಿಯಿಂದ ನಾಲ್ಕು ಕಡ್ಡಿ ಎಳೆದೆ. ತೆಂಗಿನ ಗರಿಯ ಕಡ್ಡಿ ಹಗುರ, ಬಾಗುತ್ತದೆ ಆದರೆ ಬೇಗ ಮುರಿಯುವುದಿಲ್ಲ. ಮುರಿದರೂ ಮನೆಯಲ್ಲಿ ಇನ್ನೂ ಇನ್ನೂರು ಕಡ್ಡಿ ಇರುತ್ತದೆ, ಅಲ್ವಾ? ಚೆನ್ನಾಗಿ ಒಣಗಿದ್ದನ್ನೇ ಆರಿಸಿ, ಬುಡದ ದಪ್ಪ ಭಾಗದಿಂದ 30 ಸೆಂಟಿಮೀಟರ್ ಕತ್ತರಿಸಿ. ಎರಡೆರಡನ್ನು ನೂಲಿನಿಂದ ಜೋಡಿಸಿ ಕೂಡಿಸುವ ಚಿಹ್ನೆಯ ಹಾಗೆ ಅಡ್ಡಡ್ಡ ಇಟ್ಟು, ಮಧ್ಯದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ತೆಳು ಥರ್ಮೋಕೋಲ್ ತುಂಡಿಗೆ ಕಟ್ಟಿ. ಬೋರ್ಡು ಬ್ಯಾಟರಿ ಎಲ್ಲ ಆ ಥರ್ಮೋಕೋಲ್ ಮೇಲೆ.

ಮೋಟಾರು 720 ಅನ್ನುವ ಕೋರ್‌ಲೆಸ್ ಜಾತಿಯದ್ದು. 7 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಉದ್ದ, ಆಟಿಕೆ ಡ್ರೋನಿನಲ್ಲಿ ಬರುವಂಥದ್ದು. ಎಡ ಬಲ ತುದಿಗಳಲ್ಲಿ ಮುಂದಕ್ಕೆ ನೂಕುವ ಎರಡು, ಮುಂದೆ ಹಿಂದೆ ತುದಿಗಳಲ್ಲಿ ಮೇಲಕ್ಕೆ ನೂಕುವ ಎರಡು. ಮೇಲಕ್ಕೆ ಒಂದೇ ಸಾಲದೇ ಅಂತ ನನಗೂ ಅನ್ನಿಸಿತ್ತು, ಹಾಗೇ ಮಾಡಿದೆ ಕೂಡ. "ಮಾವಾ, ಇದು ಬುಗುರಿಯಲ್ವಾ" ಅಂದ ಅಳಿಯ. ಫ್ಯಾನ್ ಒಂದು ಕಡೆ ತಿರುಗಿದರೆ ಬ್ಲಿಂಪ್ ಇನ್ನೊಂದು ಕಡೆ ತಿರುಗಲೇಬೇಕು. ಎರಡಿಟ್ಟು, ಒಂದನ್ನು ಗಡಿಯಾರದ ದಿಕ್ಕಿಗೂ ಇನ್ನೊಂದನ್ನು ವಿರುದ್ಧ ದಿಕ್ಕಿಗೂ ತಿರುಗಿಸಿದರೆ ಆ ತಿರುವು ವಜಾ ಆಗುತ್ತದೆ. ಮೋಟಾರಿನ ಜೊತೆ ಬರುವ ವಯರು ಕೆಂಪು-ನೀಲಿ ಇದ್ದರೆ ಒಂದು ದಿಕ್ಕಿನದ್ದು, ಕಪ್ಪು-ಬಿಳಿ ಇದ್ದರೆ ಇನ್ನೊಂದರದ್ದು. ಫ್ಯಾನುಗಳೂ ಹಾಗೇ ಎರಡು ಬಗೆ, ಅದಲು ಬದಲು ಹಾಕಿದರೆ ಗಾಳಿ ಉಲ್ಟಾ ಬರುತ್ತದೆ.

ತೊಟ್ಟಿಲನ್ನು ಬಲೂನಿಗೆ ಟೇಪಿನಿಂದ ನೇರ ಅಂಟಿಸಬೇಡಿ. ಕೀಳುವಾಗ ಫಾಯಿಲ್ ಸಮೇತ ಬರುತ್ತದೆ. ಉಗುರಗಲದ ವೆಲ್ಕ್ರೋ ನಾಲ್ಕು ಚೂರು ಬಲೂನಿಗೆ ಖಾಯಂ ಆಗಿ ಅಂಟಿಸಿಡಿ.

ವಯರಿಂಗ್

ಮೋಟಾರಿಗೆ ಡಿಆರ್‌ವಿ8833 ಡ್ರೈವರ್ ಎರಡು. 2.7 ವೋಲ್ಟಿನಿಂದಲೇ ಕೆಲಸ ಮಾಡುವ ಕಾರಣ ಒಂದೇ ಸೆಲ್ಲಿನ ಲಿಥಿಯಂ ಬ್ಯಾಟರಿಗೆ ಇದು ಹೊಂದುತ್ತದೆ. ಒಂದು ಡ್ರೈವರ್ ಮುಂದಕ್ಕೆ ನೂಕುವ ಎರಡು ಮೋಟಾರಿಗೆ. ಇವು ಹಿಂದಕ್ಕೂ ತಿರುಗಬೇಕು, ಹಾಗಾಗಿ ನಾಲ್ಕು ಸಿಗ್ನಲ್ ವಯರು. ಇನ್ನೊಂದು ಡ್ರೈವರ್ ಮೇಲಕ್ಕೆ ನೂಕುವ ಎರಡಕ್ಕೆ. ಇವಕ್ಕೆ ಹಿಂದೆ ತಿರುಗುವ ಕೆಲಸವೇ ಇಲ್ಲ. ಯಾಕಂದ್ರೆ ಬ್ಲಿಂಪನ್ನು ನಾವು ಬೇಕೆಂದೇ ಎರಡು ಮೂರು ಗ್ರಾಂ ಭಾರ ಇಡುತ್ತೇವೆ, ಮೋಟಾರು ನಿಧಾನ ಮಾಡಿದರೆ ತಾನೇ ಇಳಿಯುತ್ತದೆ. ಎರಡಕ್ಕೂ ಒಂದೇ ಸಿಗ್ನಲ್ ಸಾಕು, ಇನ್ನೊಂದು ಇನ್‌ಪುಟ್ಟನ್ನು ಗ್ರೌಂಡಿಗೆ ಕೊಡಿ. ಒಟ್ಟು ಐದು ಪಿಡಬ್ಲ್ಯುಎಂ ಸಿಗ್ನಲ್ (ಬೇಗ ಬೇಗ ಆನ್ ಆಫ್ ಆಗಿ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವಂಥದ್ದು) ಆಯಿತು. ಸಿ3 ಚಿಪ್ಪಿನಲ್ಲಿ ಇರುವುದೇ ಆರು.

ಝಿಯಾವೋ ಬೋರ್ಡಿನಲ್ಲಿ ಈ ಐದಕ್ಕೆ ಡಿ1, ಡಿ2, ಡಿ3, ಡಿ7, ಡಿ10 ಬಳಸಿ. ಡಿ8, ಡಿ9ಕ್ಕೆ ಮೋಟಾರು ಕೊಡಬೇಡಿ, ಬೋರ್ಡ್ ಎದ್ದೇಳುವಾಗ ಆ ಪಿನ್ನುಗಳನ್ನು ನೋಡಿಯೇ ಯಾವ ರೀತಿ ಎದ್ದೇಳಬೇಕು ಅಂತ ತೀರ್ಮಾನಿಸುತ್ತದೆ. ಸೆನ್ಸರುಗಳೆಲ್ಲ ಡಿ4, ಡಿ5ರ ಐ2ಸಿ ಸಾಲಿಗೆ, ಅಂದರೆ ಎರಡೇ ವಯರಿನಲ್ಲಿ ಹಲವು ಸೆನ್ಸರು ವಿಳಾಸದ ಮೇಲೆ ಮಾತಾಡುವ ಸಾಲು. ಎರಡು ಲೇಸರ್ ಸೆನ್ಸರಿಗೂ ಹುಟ್ಟುವಾಗ ವಿಳಾಸ ಒಂದೇ. ಹಾಗಾಗಿ ಒಂದರ ಎಕ್ಸ್‌ಶಟ್ ಪಿನ್ನನ್ನು ಡಿ6ಕ್ಕೆ ಕೊಟ್ಟು, ಅದನ್ನು ಮಲಗಿಸಿ, ಇನ್ನೊಂದರ ವಿಳಾಸ ಬದಲಿಸಿ, ಆಮೇಲೆ ಎಬ್ಬಿಸಬೇಕು. ಡಿ0 ಬ್ಯಾಟರಿ ವೋಲ್ಟೇಜ್ ಓದಲು, ನಡುವೆ 220 ಕಿಲೋಓಮ್ ರೆಸಿಸ್ಟರ್ ಎರಡಿಟ್ಟು ಅರ್ಧ ಮಾಡಿ ಕೊಡಿ.

ಡ್ರೈವರ್ ಬೋರ್ಡಿನಲ್ಲಿ ಇಇಪಿ ಅಂತ ಬರೆದ ಪಿನ್ ಇರುತ್ತದೆ. ಅದಕ್ಕೆ ವೋಲ್ಟೇಜ್ ಕೊಡದಿದ್ದರೆ ಡ್ರೈವರ್ ನಿದ್ದೆಯಲ್ಲೇ ಇರುತ್ತದೆ, ಮೋಟಾರು ಅಲುಗಾಡುವುದಿಲ್ಲ. ಮೋಟಾರಿನ ಕರೆಂಟು ಬ್ಯಾಟರಿಯಿಂದ ನೇರ ಡ್ರೈವರಿಗೆ ಹೋಗಬೇಕು, ಝಿಯಾವೋದ 3.3 ವೋಲ್ಟ್ ಪಿನ್ನಿನಿಂದ ಅಲ್ಲ. ಡ್ರೈವರಿನ ಹತ್ತಿರ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಪ್ರತಿ ಮೋಟಾರಿನ ಎರಡು ಕಾಲಿನ ನಡುವೆ 0.1ರ ಸಣ್ಣ ಸೆರಾಮಿಕ್ ಒಂದು. ಇದು ಇಲ್ಲದಿದ್ದರೆ ನಾಲ್ಕು ಮೋಟಾರು ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಬೋರ್ಡ್ ಫೋನಿನ ಜೊತೆ ಮಾತಾಡುವುದು ವೈಫೈಯಲ್ಲಿ, ಅದರ ಜೊತೆ ಬಂದ ಆಂಟೆನಾ ಸಿಕ್ಕಿಸಲು ಮರೆಯಬೇಡಿ. ಆಂಟೆನಾ ಕೆಳಕ್ಕೆ ತೂಗಲಿ, ಮೇಲಿರುವ ಬಲೂನಿನಲ್ಲಿ ಲೋಹದ ಪದರ ಉಂಟು.

ಬ್ಯಾಟರಿಯನ್ನು ಝಿಯಾವೋದ ಹಿಂಬದಿಯ ಪ್ಯಾಡಿಗೆ ಬೆಸೆದರೆ ಯುಎಸ್‌ಬಿಯಿಂದಲೇ ಚಾರ್ಜ್ ಆಗುತ್ತದೆ. ಪ್ಲಸ್ ಮೈನಸ್ ಎರಡು ಸಲ ನೋಡಿ ಬೆಸೆಯಿರಿ.

ಎತ್ತರ ಹಿಡಿಯುವುದು

ಒತ್ತಡ ಅಳೆಯುವ ಬಿಎಂಪಿ280 ಅಗ್ಗಕ್ಕೆ ಸಿಗುತ್ತದೆ, ಆದರೆ ಒಂದು ಮೀಟರ್ ಆಚೀಚೆ ತೋರಿಸುವ ಸೆನ್ಸರ್ ಇಟ್ಟುಕೊಂಡು ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಏನು ಮಾಡುವುದು? ವಿಎಲ್53ಎಲ್1ಎಕ್ಸ್ ಎಂಬ ಲೇಸರ್ ಸೆನ್ಸರ್ ಒಂದನ್ನು ಕೆಳಗೆ ನೋಡುವ ಹಾಗೆ ಇಡಿ. ಅದರ ಗರಿಷ್ಠ ಅಳತೆ 4 ಮೀಟರ್ ಅಂತ ಬರೆದಿರುತ್ತಾರೆ. ಅದು ಕತ್ತಲಲ್ಲಿ. ಜೋರು ಬೆಳಕಿದ್ದರೆ ದೂರದ ಮೋಡ್‌ನಲ್ಲಿ ಮುಕ್ಕಾಲು ಮೀಟರಿಗೆ ಇಳಿಯುತ್ತದೆ, ಹತ್ತಿರದ ಮೋಡ್‌ನಲ್ಲಿ ಮಾತ್ರ ಬೆಳಕಿದ್ದರೂ ಇಲ್ಲದಿದ್ದರೂ 1.3 ಮೀಟರ್ ಸಿಗುತ್ತದೆ. ಹಾಗಾಗಿ ಹಗಲಲ್ಲಿ ಜಗಲಿಯ ಬದಿಗೆ ಹೋಗುವುದಿದ್ದರೆ ಹತ್ತಿರದ ಮೋಡ್ ಇಟ್ಟು 1 ಮೀಟರ್ ಎತ್ತರದಲ್ಲಿ ಹಾರಿಸಿ, ರಾತ್ರಿ ಟ್ಯೂಬ್‌ಲೈಟಿನಲ್ಲಿ ದೂರದ ಮೋಡ್ ಸಾಕು.

ಇನ್ನು ಲೆಕ್ಕ. ಸೂತ್ರ ಇಷ್ಟೇ:

ನೂಕು = ತೇಲಲು ಬೇಕಾದಷ್ಟು + ಪಿ × (ಬೇಕಾದ ಎತ್ತರ − ಈಗಿನ ಎತ್ತರ) − ಡಿ × ಏರುವ ವೇಗ

ಮೊದಲನೆಯದು ನಿಮ್ಮ ಆ ಎರಡು ಮೂರು ಗ್ರಾಂ ಹೆಚ್ಚುವರಿ ಭಾರ. ಪಿ ಅಂದರೆ ಎತ್ತರದ ತಪ್ಪು ಸರಿ ಮಾಡಲು ಎಷ್ಟು ಜೋರು ನೂಕಬೇಕು ಅನ್ನುವ ಅಂಕಿ, ಡಿ ಅಂದರೆ ಚಲನೆಯನ್ನು ಎಷ್ಟು ತಡೆಯಬೇಕು ಅನ್ನುವ ಅಂಕಿ. ಡ್ರೋನ್ ಮಾಡಿದ ಅಭ್ಯಾಸ ಇರುವವರು ಇಲ್ಲಿ ಪಿ ಜಾಸ್ತಿ ಇಟ್ಟು ಡಿಯನ್ನು ಉಪ್ಪಿನಕಾಯಿಯ ಹಾಗೆ ಬಡಿಸುತ್ತಾರೆ. ಬ್ಲಿಂಪಿಗೆ ಡಿಯೇ ಊಟ. ಯಾಕೆ ಅಂದರೆ, ಇದು ತೂಕವಿಲ್ಲದ ವಸ್ತುವಿನ ಹಾಗೆ ಕಂಡರೂ ಇದರ ದ್ರವ್ಯರಾಶಿ 130 ಗ್ರಾಂ ದಾಟುತ್ತದೆ, ಮೇಲಾಗಿ ಚಲಿಸುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಮ್ಮೆ ಹೊರಟರೆ ನಿಲ್ಲಿಸುವವರಿಲ್ಲ. ಡಿ ಕಡಿಮೆ ಇದ್ದರೆ ಮಾಡಿನಿಂದ ನೆಲಕ್ಕೆ, ನೆಲದಿಂದ ಮಾಡಿಗೆ ಓಡಾಡುತ್ತಲೇ ಇರುತ್ತದೆ. ನನ್ನದು ಸರಿಹೋದದ್ದು ಒಂದು ಮೀಟರ್ ವ್ಯತ್ಯಾಸಕ್ಕೆ 10 ಗ್ರಾಂ ನೂಕು, ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 30 ಗ್ರಾಂ ನೂಕು ಇಟ್ಟಾಗ. ಅಲ್ಲಿಂದ ಶುರು ಮಾಡಿ ನಿಮ್ಮದಕ್ಕೆ ಹೊಂದಿಸಿ.

ಗ್ರಾಂ ಲೆಕ್ಕದ ನೂಕನ್ನು ಪಿಡಬ್ಲ್ಯುಎಂ ಸಂಖ್ಯೆಗೆ ಬದಲಿಸಲು ಮತ್ತೆ ತಕ್ಕಡಿಯೇ ಗತಿ. ತಕ್ಕಡಿಯ ಮೇಲೆ ಒಂದು ಎತ್ತರದ ಲೋಟ, ಅದರ ತುದಿಗೆ ಮೋಟಾರು, ಫ್ಯಾನಿನ ಗಾಳಿ ಮೇಲಕ್ಕೆ ಹೋಗುವ ಹಾಗೆ. ಹೀಗಿಟ್ಟರೆ ಮೋಟಾರು ಎಷ್ಟು ನೂಕುತ್ತದೋ ತಕ್ಕಡಿ ಅಷ್ಟು ಹೆಚ್ಚು ತೋರಿಸುತ್ತದೆ. ಶೇಕಡಾ 20, 40, 60, 80, 100ಕ್ಕೆ ಎಷ್ಟು ಬರುತ್ತದೆ ಬರೆದಿಡಿ. ನೇರ ಗೆರೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಆ ಐದು ಅಂಕಿಯ ಪಟ್ಟಿಯನ್ನೇ ಪ್ರೋಗ್ರಾಮಿಗೆ ಕೊಡಿ.

ಏರುವ ವೇಗವನ್ನು ಹಿಂದಿನ ಅಳತೆ ಮತ್ತು ಈಗಿನದ್ದರ ವ್ಯತ್ಯಾಸದಿಂದ ತೆಗೆಯಬೇಕು. ಸೆಕೆಂಡಿಗೆ 20 ಸಲ ಅಳೆದರೆ ಸಾಕು. ಹಸಿ ಅಂಕಿಯನ್ನು ಹಾಗೇ ಬಳಸಿದರೆ ಮೋಟಾರು ಬಿಕ್ಕಳಿಸುತ್ತದೆ. ಹಳೆಯ ವೇಗದ ಹತ್ತರಲ್ಲಿ ಎಂಟು ಪಾಲು, ಹೊಸದರ ಎರಡು ಪಾಲು ಸೇರಿಸಿ ನಯ ಮಾಡಿ.

ಇನ್ನೊಂದು ಉಂಟು, ನಾನು ಎಲ್ಲೂ ಓದಿರಲಿಲ್ಲ, ತಗ್ಗಿ ಬಗ್ಗಿ ಕಲಿತದ್ದು. ಬ್ಲಿಂಪ್ ಊಟದ ಮೇಜಿನ ಮೇಲೆ ಬಂದ ಕೂಡಲೇ ನೆಲ ಮುಕ್ಕಾಲು ಮೀಟರ್ ಮೇಲೆ ಬಂತು ಅಂದುಕೊಂಡು ಗಾಬರಿಯಿಂದ ಏರುತ್ತದೆ. ಕೆಳಗೆ ಮನುಷ್ಯ ಹೋದರೂ ಹಾಗೇ. ಒಂದೇ ಅಳತೆಯಲ್ಲಿ 30 ಸೆಂಟಿಮೀಟರಿಗಿಂತ ಜಾಸ್ತಿ ಹಾರಿದರೆ ಅದು ಬ್ಲಿಂಪಿನ ಚಲನೆ ಅಲ್ಲ, ಅಷ್ಟು ವೇಗ ಅದಕ್ಕೆ ಇಲ್ಲವೇ ಇಲ್ಲ. ಆ ಜಿಗಿತವನ್ನು ನೆನಪಿಟ್ಟು ಮುಂದಿನ ಅಳತೆಗಳಿಗೆ ಕೂಡಿಸಿ. ಮೇಜು ದಾಟಿದಾಗ ಅಷ್ಟೇ ಉಲ್ಟಾ ಜಿಗಿತ ಬರುತ್ತದೆ, ಲೆಕ್ಕ ಚುಕ್ತಾ.

ತಾನೇ ತಿರುಗಾಡುವುದು

ಎತ್ತರ ನಿಂತ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಮೊದಲ ದಿನಗಳಲ್ಲಿ ಉದ್ದ ನೂಲು ಕಟ್ಟಿಯೇ ಬಿಡಿ.

ಎಡ ಬಲ ಮೋಟಾರುಗಳ ವ್ಯತ್ಯಾಸದಿಂದ ತಿರುಗುವುದು, ಎಂಪಿಯು6050 ಜೈರೋದಿಂದ ಎಷ್ಟು ತಿರುಗಿತು ಅಂತ ನೋಡುವುದು. ಇಲ್ಲೂ ತಿರುಗುವ ವೇಗವನ್ನು ತಡೆಯುವ ಡಿಗೆ ಜಾಸ್ತಿ ಮರ್ಯಾದೆ ಕೊಡಿ. ಜೈರೋ ಸುಮ್ನೆ ಕೂತಿದ್ದರೂ ಸ್ವಲ್ಪ ತಿರುಗುತ್ತಿದ್ದೇನೆ ಅನ್ನುತ್ತದೆ. ಆನ್ ಮಾಡಿದ ಮೂರು ಸೆಕೆಂಡು ಮುಟ್ಟದೆ ಇಟ್ಟು ಆ ಸುಳ್ಳಿನ ಸರಾಸರಿ ತೆಗೆದು ಕಳೆಯಿರಿ.

ಎರಡನೇ ಲೇಸರ್ ಸೆನ್ಸರ್ ಮುಂದಕ್ಕೆ ನೋಡಲಿ. ನಡವಳಿಕೆ ಹೀಗೆ: ಎದುರು ಖಾಲಿ ಇದ್ದರೆ ನಿಧಾನ ಮುಂದೆ ಹೋಗು. 1.2 ಮೀಟರಿನೊಳಗೆ ಏನಾದರೂ ಕಂಡರೆ ಮೋಟಾರು ಹಿಂದಕ್ಕೆ ತಿರುಗಿಸಿ ಬ್ರೇಕ್ ಹಾಕು. ನಿಂತ ಮೇಲೆ 100ರಿಂದ 140 ಡಿಗ್ರಿ ಒಳಗೆ ಮನಸ್ಸಿಗೆ ಬಂದಷ್ಟು ತಿರುಗು. ಮತ್ತೆ ಹೋಗು. ಬ್ರೇಕ್ ಮರೆತರೆ ಎರಡು ಮೂರು ಮೀಟರ್ ಜಾರಿಕೊಂಡೇ ಹೋಗುತ್ತದೆ. ಪ್ರತಿ ಸಲವೂ ಒಂದೇ ಕೋನಕ್ಕೆ ತಿರುಗಿಸಿದರೆ ಮೂಲೆಯಲ್ಲಿ ಸಿಕ್ಕಿಕೊಂಡು ಅಲ್ಲೇ ತಲೆ ಚಚ್ಚಿಕೊಳ್ಳುತ್ತದೆ, ಅದಕ್ಕೇ ಮನಸ್ಸಿಗೆ ಬಂದಷ್ಟು. ಗಾಜಿನ ಕಿಟಕಿ, ಕಪ್ಪು ಪರದೆ ಇವೆರಡು ಲೇಸರಿಗೆ ಸರಿಯಾಗಿ ಕಾಣುವುದಿಲ್ಲ. ಶಾಲೆಯ ಹಾಲ್‌ನಲ್ಲಿ ತೋರಿಸಲು ಹೋದಾಗ ವೇದಿಕೆಯ ಕಪ್ಪು ಪರದೆಯೊಳಗೆ ನಮ್ಮದು ನೇರ ನುಗ್ಗಿತು, ಮಕ್ಕಳು ಚಪ್ಪಾಳೆ ಹೊಡೆದರು, ಬೇಕೆಂದೇ ಮಾಡಿಸಿದ್ದು ಅಂದುಕೊಂಡರು.

ಮುಂದಕ್ಕೆ ಹೋಗುವ ನೂಕನ್ನು ಒಮ್ಮೆಲೇ ಕೊಡಬೇಡಿ. ನೂಕು ಕೆಳಗಿನ ತೊಟ್ಟಿಲಿನಲ್ಲಿ, ಗಾಳಿಯ ತಡೆ ಮೇಲಿನ ಬಲೂನಿನಲ್ಲಿ. ಹಾಗಾಗಿ ಇಡೀ ಬ್ಲಿಂಪ್ ಉಯ್ಯಾಲೆ ಆಡಲು ಶುರು ಮಾಡುತ್ತದೆ, ಸೆನ್ಸರ್ ಒಮ್ಮೆ ನೆಲ ಒಮ್ಮೆ ಮಾಡು ನೋಡುತ್ತದೆ. ಒಂದು ಸೆಕೆಂಡಿನಲ್ಲಿ ನಿಧಾನ ಏರಿಸಿ.

ಒಂದು ಜಾಗಕ್ಕೆ ಮರಳಿ ಬರಬೇಕು ಅನ್ನುವವರು ಬ್ಲಿಂಪ್‌ಡುಯಿನೋದ ಹಳೆಯ ಉಪಾಯ ಬಳಸಬಹುದು. ನೆಲದಲ್ಲಿ ಟಿವಿ ರಿಮೋಟಿನ ಹಾಗೆ 38 ಕಿಲೋಹರ್ಟ್ಸ್‌ನಲ್ಲಿ ಮಿನುಗುವ ಇನ್‌ಫ್ರಾರೆಡ್ ಎಲ್‌ಇಡಿ, ತೊಟ್ಟಿಲಿನ ನಾಲ್ಕು ದಿಕ್ಕಿಗೆ ನಾಲ್ಕು ರಿಸೀವರ್, ನಡುವೆ ರಟ್ಟಿನ ಅಡ್ಡಗೋಡೆ. ಯಾವುದಕ್ಕೆ ಸಿಗ್ನಲ್ ಬಂತೋ ಆ ಕಡೆ ತಿರುಗು. ಪಿನ್ನು ಸಾಲುವುದಿಲ್ಲ, ಅದಕ್ಕೆ ಐ2ಸಿ ವಿಸ್ತರಣೆ ಚಿಪ್ ಒಂದು ಬೇಕು. ದೀಪವನ್ನು ಎಡೆಬಿಡದೆ ಉರಿಸಿದರೆ ರಿಸೀವರ್ ಅದನ್ನು ಗದ್ದಲ ಅಂದುಕೊಂಡು ಕಿವಿ ಮುಚ್ಚುತ್ತದೆ, ಹಾಗಾಗಿ ತುಂಡು ತುಂಡಾಗಿ ಕಳಿಸಿ. ಮನೆಯಲ್ಲಿ ಹೈಸ್ಕೂಲಿನ ಲಿಟಲ್ ಕೈಟ್ಸ್ (ಕೇರಳದ ಶಾಲೆಗಳ ಐಟಿ ಕ್ಲಬ್) ಮಕ್ಕಳಿದ್ದರೆ ಈ ದೀಪದ ಕೆಲಸ ಅವರಿಗೇ ಬಿಡಿ, ಆರ್ಡುಯಿನೋ ಅವರ ಕೈಯಲ್ಲೇ ಓಡಾಡುತ್ತಿರುತ್ತದೆ.

ಹಾರಿಸುವ ಮೊದಲು

ಸೀಲಿಂಗ್ ಫ್ಯಾನ್ ಆಫ್. ಇದನ್ನು ಮನೆಯ ಎಲ್ಲರಿಗೂ ಹೇಳಿ, ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದರೂ ತಪ್ಪಿಲ್ಲ. ಟೇಬಲ್ ಫ್ಯಾನಿನ ಗಾಳಿಯನ್ನೂ ಈ ಸಣ್ಣ ಮೋಟಾರು ಗೆಲ್ಲುವುದಿಲ್ಲ.

ತೇಲಾಟ ಸರಿ ಮಾಡಲು ಮಕ್ಕಳ ಬಣ್ಣದ ಮೇಣದ ಜೇಡಿ ಒಳ್ಳೆಯದು. ಮೋಟಾರು ಆಫ್ ಇದ್ದಾಗ ಎದೆಯ ಎತ್ತರದಿಂದ ಬಿಟ್ಟರೆ ಐದಾರು ಸೆಕೆಂಡಿನಲ್ಲಿ ಮೆಲ್ಲನೆ ನೆಲ ಮುಟ್ಟಬೇಕು. ಅಷ್ಟಾಗುವ ತನಕ ಚೂರು ಚೂರು ಅಂಟಿಸಿ ಅಥವಾ ಚಿವುಟಿ. ದಿನಾ ಹಾರಿಸುವ ಮೊದಲು ಇದನ್ನು ಮಾಡಲೇಬೇಕು, ನಿನ್ನೆಯ ಜೇಡಿ ಇವತ್ತಿಗೆ ಸರಿಬರುವುದಿಲ್ಲ.

ಫೋನಿನ ವೈಫೈಯಿಂದ ಎರಡು ಸೆಕೆಂಡು ಸುದ್ದಿ ಬಾರದಿದ್ದರೆ ಎಲ್ಲ ಮೋಟಾರು ನಿಲ್ಲುವ ಹಾಗೆ ಬರೆಯಿರಿ. ಬ್ಯಾಟರಿ 3.3 ವೋಲ್ಟಿಗೆ ಬಂದರೆ ನಿಧಾನ ಇಳಿಯಲಿ, ಅದಕ್ಕಿಂತ ಕೆಳಗೆ ಹಿಂಡಿದರೆ ಬ್ಯಾಟರಿ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಇಡಬೇಡಿ.

ಹಂಚಿನ ಮಾಡಿನ ಮನೆಯಾದರೆ ಇನ್ನೊಂದು ತಯಾರಿ ಬೇಕು. ಹಗುರ ಇದ್ದ ಬಲೂನು ತೊಟ್ಟಿಲು ಕಳಚಿದ ಕ್ಷಣವೇ ಮೇಲೆ ಹೋಗಿ ಪಕ್ಕಾಸಿನ ನಡುವೆ ಕೂರುತ್ತದೆ. ಅಲ್ಲಿ ಹಂಚಿನ ಮೊಳೆ, ಜೇಡರ ಬಲೆ ಎಲ್ಲ ಉಂಟು. ನಮ್ಮ ಮನೆಯಲ್ಲಿ ಈಗ ಅಡಿಕೆ ದೋಟಿಯ ಕತ್ತಿಗೆ ಹಳೆಯ ಬೈರಾಸು ಸುತ್ತಿ ಬಾಗಿಲ ಮೂಲೆಯಲ್ಲಿ ಇಟ್ಟಿರುತ್ತೇವೆ. ಬಲೂನಿಗೆ ಒಂದು ಗಜ ನೂಲು ಯಾವಾಗಲೂ ಇಳಿಬಿಟ್ಟಿರಲಿ, ಅದನ್ನು ದೋಟಿಯ ಕೊಕ್ಕೆಗೆ ಸುತ್ತಿಕೊಂಡು ಎಳೆದರೆ ಬರುತ್ತದೆ.